ಯಂತ್ರದ ಲೆಕ್ಕಕ್ಕೂ ಸಾಕ್ಷಿ ಬೇಕು

ನಾವು ಕಾಲೇಜಿನಲ್ಲಿ ಪಾಠ ಮಾಡುವ ವಿಷಯದ ಹೆಸರು 'ಆಪರೇಷನ್ಸ್ ಮ್ಯಾನೇಜ್‌ಮೆಂಟ್'. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ವಿಚಾರಿಸಿದಾಗ ಹೀಗೆಂದರೆ, "ಯಾವ ಆಸ್ಪತ್ರೆಯಲ್ಲಿ?" ಎಂಬ ಮರುಪ್ರಶ್ನೆ ಬರುವುದುಂಟು. ಆಸ್ಪತ್ರೆಗೂ ನಮಗೂ ಸಂಬಂಧವೇ ಇಲ್ಲವೆಂದಲ್ಲ. ಹೊರರೋಗಿಗಳ ಸಾಲು ಯಾಕೆ ಉದ್ದವಾಗುತ್ತದೆ, ಗೋದಾಮಿನಲ್ಲಿ ಒಂದು ವಸ್ತು ಕೊಳೆಯುತ್ತಿರುವಾಗ ಇನ್ನೊಂದು ಯಾಕೆ ಸಿಗುವುದಿಲ್ಲ, ಹತ್ತು ನಿಮಿಷದ ಕೆಲಸಕ್ಕೆ ಜನರು ಹತ್ತು ದಿನ ಯಾಕೆ ಅಲೆಯಬೇಕು ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸ. ಎಣಿಸುವುದು, ಅಳೆಯುವುದು, ಎಲ್ಲಿ ತಡೆಯಾಗಿದೆ ಎಂದು ಹುಡುಕುವುದು. ಹಿಂದೆ ಇದನ್ನು ಪೆನ್ನು ಕಾಗದದಲ್ಲಿ ಮಾಡುತ್ತಿದ್ದೆವು. ಈಗ ಅಂಕಿಅಂಶಗಳು ತಾವಾಗಿಯೇ ಕಂಪ್ಯೂಟರಿಗೆ ಬಂದು ಬೀಳುತ್ತವೆ.

ಹಾಗಾಗಿ ತಂತ್ರಜ್ಞಾನದ ವಿರುದ್ಧ ಮಾತಾಡುವುದು ನಮ್ಮಿಂದ ಆಗದ ಕೆಲಸ. ಅದರಿಂದಾದ ಉಪಕಾರವನ್ನು ಕಣ್ಣಾರೆ ಕಂಡವರು ನಾವು. ಕರ್ನಾಟಕದ 'ಭೂಮಿ' ಯೋಜನೆಯನ್ನೇ ನೋಡಿ. ಪಹಣಿ ಪತ್ರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಕಾಲದಲ್ಲಿ ರೈತ ಅದಕ್ಕಾಗಿ ಎಷ್ಟು ಸಲ ಅಲೆಯಬೇಕಿತ್ತು, ಎಷ್ಟು ಕೈ ಬೆಚ್ಚಗೆ ಮಾಡಬೇಕಿತ್ತು ಎಂಬುದನ್ನು ಹಳ್ಳಿಯ ಹಿರಿಯರು ಬಲ್ಲರು. 2000ದ ಸುಮಾರಿಗೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 177 ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುವಂತಾಯಿತು. ಆ ಕೇಂದ್ರಗಳಲ್ಲಿ ಇನ್ನೊಂದು ಸಣ್ಣ ಏರ್ಪಾಡು ಇತ್ತು. ಸಿಬ್ಬಂದಿಯ ಕಡೆಗೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಒಳಗೆ ಏನು ಬರೆಯುತ್ತಿದ್ದಾರೆ ಎಂಬುದನ್ನು ಹೊರಗೆ ನಿಂತವನೂ ನೋಡಬಹುದಿತ್ತು. ಆ ಎರಡನೆಯ ಪರದೆಯ ಬೆಲೆ ಏನೆಂದು ತಿಳಿಯಬೇಕಾದರೆ, ಅದು ಇಲ್ಲದ ಕಡೆ ಏನಾಯಿತೆಂದು ನೋಡಬೇಕು.

ತರಗತಿಯಲ್ಲಿ ಒಮ್ಮೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ್ದ: "ಸರ್, ತಪ್ಪು ಮಾಡುವುದು ಮನುಷ್ಯ. ಕಂಪ್ಯೂಟರ್ ಕೂಡಿಸುವುದರಲ್ಲಿ ತಪ್ಪು ಮಾಡುತ್ತದೆಯೇ?" ಪ್ರಶ್ನೆ ಸಹಜವಾದದ್ದೇ. ಓದಿದವರೂ ಹಾಗೆಯೇ ನಂಬಿದ್ದಾರೆ. ಆ ನಂಬಿಕೆಯಿಂದ ಒಂದು ಮುಂದುವರಿದ ದೇಶ ತನ್ನ 900ಕ್ಕೂ ಹೆಚ್ಚು ಮಂದಿ ಪ್ರಜೆಗಳನ್ನು ಅಪರಾಧಿಗಳನ್ನಾಗಿ ಮಾಡಿತು. ಆ ದಿನದಿಂದ ನಾವು ಪ್ರತಿವರ್ಷ ಆ ಕತೆಯನ್ನು ಪಾಠದಲ್ಲಿ ಹೇಳುತ್ತಾ ಬಂದಿದ್ದೇವೆ.

ಇಂಗ್ಲೆಂಡಿನ ಹಳ್ಳಿ ಪೇಟೆಗಳಲ್ಲಿ ಅಂಚೆ ಕಚೇರಿ ಎಂದರೆ ಸಾಮಾನ್ಯವಾಗಿ ಒಂದು ಅಂಗಡಿ. ಒಂದು ಬದಿಯಲ್ಲಿ ಹಾಲು, ಬ್ರೆಡ್ಡು, ಪತ್ರಿಕೆ. ಇನ್ನೊಂದು ಬದಿಯಲ್ಲಿ ಅಂಚೆಯ ಕೌಂಟರು. ನಡೆಸುವವರನ್ನು ಸಬ್ ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. ಅವರು ಸಂಬಳದ ನೌಕರರಲ್ಲ, ಕರಾರಿನ ಮೇಲೆ ನಡೆಸುವವರು. ಜೀವಮಾನದ ಉಳಿತಾಯವನ್ನು ಹಾಕಿ ಅಂಗಡಿ ಕೊಂಡವರು ಅನೇಕರು. ನಮ್ಮ ಉಪಖಂಡದಿಂದ ಹೋಗಿ ನೆಲೆಸಿದ ಕುಟುಂಬಗಳೂ ಅವರಲ್ಲಿ ಬಹಳಷ್ಟಿವೆ.

1999ರಲ್ಲಿ ಈ ಕಚೇರಿಗಳಿಗೆ 'ಹೊರೈಜನ್' ಎಂಬ ಕಂಪ್ಯೂಟರ್ ವ್ಯವಸ್ಥೆ ಬರತೊಡಗಿತು. ಐಸಿಎಲ್ ಎಂಬ ಕಂಪೆನಿ ಅದನ್ನು ಸಿದ್ಧಪಡಿಸಿತ್ತು. ಮುಂದೆ ಅದು ಜಪಾನಿನ ಫುಜಿತ್ಸು ಹೆಸರಿನಲ್ಲಿ ನಡೆಯಿತು. ಅದುವರೆಗೆ ಕಾಗದದ ಮೇಲಿದ್ದ ಲೆಕ್ಕವೆಲ್ಲ ಪರದೆಗೆ ಬಂತು. ಜೊತೆಗೆ ವಿಚಿತ್ರ ಕೊರತೆಗಳೂ ಬಂದವು. ಸಂಜೆ ಲೆಕ್ಕ ಮುಗಿಸುವಾಗ ಪೆಟ್ಟಿಗೆಯಲ್ಲಿರುವ ನಗದಿಗಿಂತ ಹೆಚ್ಚು ಇರಬೇಕು ಎಂದು ಯಂತ್ರ ಹೇಳತೊಡಗಿತು. ಕರಾರಿನ ಪ್ರಕಾರ ಕೊರತೆ ಬಿದ್ದರೆ ಅದನ್ನು ತುಂಬುವ ಹೊಣೆ ಸಬ್ ಪೋಸ್ಟ್‌ಮಾಸ್ಟರನದು.

ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೊ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಅವರಿಗೆ ಒಂದು ದಿನ 2,000 ಪೌಂಡಿನ ಕೊರತೆ ಕಾಣಿಸಿತು. ಸಹಾಯವಾಣಿಗೆ ಫೋನ್ ಮಾಡಿದರು. ಅವರು ಹೇಳಿದಂತೆ ಕೀಲಿಗಳನ್ನು ಒತ್ತಿದಾಗ ಕಣ್ಣೆದುರೇ 2,000 ಹೋಗಿ 4,000 ಆಯಿತು. ಮನೆಯನ್ನು ಅಡವಿಟ್ಟು ಹಣ ತುಂಬಿದರೂ ಕೊರತೆ ಬೆಳೆದು 36,000 ಪೌಂಡಿಗೆ ಮುಟ್ಟಿತು. ಕಳ್ಳತನದ ಆರೋಪವನ್ನು ಕೈಬಿಡಬೇಕಾದರೆ ಸುಳ್ಳು ಲೆಕ್ಕ ಬರೆದ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. 2008ರಲ್ಲಿ ಅವರು ಅಪರಾಧಿ ಎನಿಸಿಕೊಂಡರು. ಊರಿನವರು ಮಾತ್ರ ಅವರನ್ನು ನಂಬಿದರು, ಹಣ ಕೂಡಿಸಿ ಕೊಟ್ಟರು.

ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟಿನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಭಾರತೀಯ ಮೂಲದ ಸೀಮಾ ಮಿಶ್ರಾ ಅವರ ಮೇಲೆ 74,000 ಪೌಂಡ್ ಕದ್ದ ಆರೋಪ ಬಂತು. 2010ರ ನವೆಂಬರಿನಲ್ಲಿ 15 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಆಗ ಅವರು ಗರ್ಭಿಣಿ. ಕದ್ದ ಹಣ ಎಲ್ಲಿ ಹೋಯಿತೆಂದು ತೋರಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಯಂತ್ರ ಹೇಳಿದೆ, ಸಾಕು.

ಯಂತ್ರದೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. 2015ರಲ್ಲಿ ಸ್ಕಾಟ್‌ಲೆಂಡಿನ ಡಾಲ್ಮೆಲಿಂಗ್ಟನ್ ಎಂಬಲ್ಲಿ 8,000 ಪೌಂಡಿನ ಒಂದು ಜಮೆಯನ್ನು ದಾಖಲಿಸುವಾಗ ಪರದೆ ಸ್ಥಗಿತವಾಯಿತು. ಕೆಲಸ ಆಗಲಿಲ್ಲವೆಂದು ಮತ್ತೆ ಮತ್ತೆ ಕೀಲಿ ಒತ್ತಲಾಯಿತು. ಒತ್ತಿದಷ್ಟು ಸಲವೂ ಒಳಗೆ 8,000 ಬರೆದುಕೊಳ್ಳುತ್ತಾ ಹೋಯಿತು. ಕೊನೆಗೆ ಲೆಕ್ಕದಲ್ಲಿ 32,000, ಕೈಯಲ್ಲಿ 8,000. ಇಲ್ಲದ 24,000 ಪೌಂಡಿನ 'ಕೊರತೆ' ಹುಟ್ಟಿಕೊಂಡಿತು. ಕಂಪ್ಯೂಟರ್ ಕೂಡಿಸುವುದರಲ್ಲಿ ತಪ್ಪಲಿಲ್ಲ, ಸರಿಯಾಗಿಯೇ ಕೂಡಿಸಿತು. ಕೂಡಿಸಿದ್ದು ಮಾತ್ರ ನಡೆಯದೇ ಇದ್ದ ವ್ಯವಹಾರಗಳನ್ನು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ತಂತ್ರಾಂಶದಲ್ಲಿ ದೋಷ ಇರುವುದು ಹೊಸತಲ್ಲ. ಮನುಷ್ಯ ಮಾಡಿದ್ದರಲ್ಲಿ ದೋಷ ಇದ್ದೇ ಇರುತ್ತದೆ. ನಮ್ಮನ್ನು ಕಾಡುವುದು ಬೇರೊಂದು ಸಂಗತಿ. ದೋಷವನ್ನು ಕಂಡವರು ನೂರಾರು ಮಂದಿ ಇದ್ದೂ ಅದು ಹದಿನೈದು ವರ್ಷ ಹೇಗೆ ಬದುಕಿತು?

ಸಹಾಯವಾಣಿಗೆ ಕರೆ ಮಾಡಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: ಇಂಥ ತೊಂದರೆ ಬೇರೆ ಯಾರಿಗೂ ಬಂದಿಲ್ಲ, ನಿಮಗೊಬ್ಬರಿಗೇ. ನೂರಾರು ಜನರಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಇದನ್ನೇ ಹೇಳಲಾಯಿತು. ಅಂಕಿಅಂಶದ ಪಾಠ ಮಾಡುವ ನಮಗೆ ಇದು ಕತೆಯ ಅತಿ ಕಹಿಯಾದ ಭಾಗ. ಯಾಕೆಂದರೆ ಅಗತ್ಯವಿದ್ದ ಡಾಟಾ ಆ ಸಂಸ್ಥೆಯ ಕೈಯಲ್ಲೇ ಇತ್ತು. ಕರೆಗಳು ಬಂದದ್ದು ಅದೇ ಸಂಸ್ಥೆಗೆ. ಒಂದು ಕಾಗದದಲ್ಲಿ ಗೆರೆ ಎಳೆದು ಎಣಿಸಿದ್ದರೂ, ಇಷ್ಟು ಕಡೆ ಒಂದೇ ಬಗೆಯ ಕೊರತೆ ಯಾಕೆ ಎಂಬ ಪ್ರಶ್ನೆ ಮೊದಲ ವರ್ಷವೇ ಏಳುತ್ತಿತ್ತು. ಅವರು ಪೌಂಡುಗಳನ್ನು ಎಣಿಸಿದರು, ದೂರುಗಳನ್ನು ಎಣಿಸಲಿಲ್ಲ. ಹೊಸ ಯಂತ್ರ ಬಂದ ಮೇಲೆ ಪ್ರಾಮಾಣಿಕ ಅಂಗಡಿಗಾರರು ಒಮ್ಮೆಲೇ ಕಳ್ಳರಾದರು ಎಂದು ನಂಬುವುದು ಅವರಿಗೆ ಸುಲಭವಾಯಿತು, ಯಂತ್ರ ತಪ್ಪಿರಬಹುದು ಎಂದು ನಂಬುವುದು ಕಷ್ಟವಾಯಿತು.

ಅದಕ್ಕೆ ಕಾನೂನೂ ಜೊತೆಗೂಡಿತು. ಮೊದಲು ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ದಾಖಲೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಹಾಜರುಪಡಿಸುವವರು, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. 1999ರ ಕಾನೂನಿನಿಂದ ಆ ಷರತ್ತು ರದ್ದಾಯಿತು. ಯಂತ್ರ ಸರಿಯಾಗಿದೆ ಎಂದೇ ಭಾವಿಸಬೇಕು. ಅಲ್ಲ ಎನ್ನುವವನು ತೋರಿಸಬೇಕು. ಹಳ್ಳಿಯ ಅಂಗಡಿಗಾರ್ತಿ ಅದನ್ನು ತೋರಿಸುವುದು ಹೇಗೆ? ತಂತ್ರಾಂಶ ಅವಳ ಕೈಯಲ್ಲಿಲ್ಲ, ಒಳಗಿನ ದಾಖಲೆ ಅವಳಿಗೆ ಕಾಣುವುದಿಲ್ಲ. ಕಂಪೆನಿಯ ಸಿಬ್ಬಂದಿ ದೂರದಲ್ಲಿ ಕುಳಿತೇ ಅವಳ ಶಾಖೆಯ ಲೆಕ್ಕಕ್ಕೆ ಕೈ ಹಾಕಬಹುದಿತ್ತು ಎಂಬ ಸತ್ಯವನ್ನೂ ವರ್ಷಗಟ್ಟಲೆ ಅಲ್ಲಗಳೆಯಲಾಯಿತು. ಅಂಚೆ ಸಂಸ್ಥೆಗೆ ಸ್ವತಃ ಮೊಕದ್ದಮೆ ಹೂಡುವ ಅವಕಾಶವೂ ಇತ್ತು. ದೂರುದಾರ, ತನಿಖೆಗಾರ, ವಾದಿ ಎಲ್ಲವೂ ಒಬ್ಬನೇ. ಅದರ ತನಿಖೆಗಾರರ ಬಳಕೆಗಿದ್ದ ಒಂದು ಕಡತ 2023ರಲ್ಲಿ ಹೊರಬಂದಾಗ, ಆರೋಪಿಗಳನ್ನು ಚರ್ಮದ ಬಣ್ಣ ಮತ್ತು ಮೂಲದ ಮೇಲೆ ವಿಂಗಡಿಸುವ ಹಳೆಯ ಅವಮಾನಕರ ಪದಗಳು ಅದರಲ್ಲಿದ್ದವು. ಯಂತ್ರಕ್ಕೆ ಪೂರ್ವಗ್ರಹ ಇಲ್ಲವೆನ್ನುತ್ತಾರೆ. ಅದರ ಹಿಂದೆ ನಿಂತವರಿಗೆ ಇರುತ್ತದೆ.

ಸತ್ಯ ಹೊರಬಂದದ್ದು ಒಂಟಿ ಒಂಟಿಯಾಗಿದ್ದವರು ಒಟ್ಟಾದಾಗ. ವೇಲ್ಸಿನಲ್ಲಿ ಅಂಚೆ ಕಚೇರಿ ಕಳೆದುಕೊಂಡಿದ್ದ ಅಲನ್ ಬೇಟ್ಸ್ 2009ರಲ್ಲಿ ಸಂತ್ರಸ್ತರ ಒಕ್ಕೂಟ ಕಟ್ಟಿದರು. ಅದೇ ವರ್ಷ 'ಕಂಪ್ಯೂಟರ್ ವೀಕ್ಲಿ' ಪತ್ರಿಕೆ ಏಳು ಮಂದಿಯ ಕತೆ ಪ್ರಕಟಿಸಿತು. ಸಂಸ್ಥೆ ಎಣಿಸದೆ ಬಿಟ್ಟದ್ದನ್ನು ಸಂತ್ರಸ್ತರೇ ಎಣಿಸಿದರು. 555 ಮಂದಿ ಸೇರಿ ಹೂಡಿದ ದಾವೆ 2019ರ ಡಿಸೆಂಬರಿನಲ್ಲಿ 5 ಕೋಟಿ 77.5 ಲಕ್ಷ ಪೌಂಡಿಗೆ ರಾಜಿಯಾಯಿತು. ಅದರಲ್ಲಿ ಬಹುಪಾಲು ದಾವೆಯ ಖರ್ಚಿಗೇ ಹೋಯಿತು. ಅದೇ ತಿಂಗಳು ನ್ಯಾಯಾಧೀಶರು ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ತೀರ್ಪಿತ್ತರು. 2021ರ ಏಪ್ರಿಲಿನಲ್ಲಿ ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಸೇರಿ 39 ಮಂದಿಯ ಶಿಕ್ಷೆ ರದ್ದಾಯಿತು. 2024ರ ಜನವರಿಯಲ್ಲಿ ಟಿವಿಯಲ್ಲಿ ಬಂದ ಒಂದು ನಾಟಕ ಇಡೀ ದೇಶವನ್ನು ಎಬ್ಬಿಸಿತು. ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿಯೇ ಉಳಿದವರ ಶಿಕ್ಷೆಗಳನ್ನು ಒಟ್ಟಿಗೆ ತೊಡೆದುಹಾಕಿತು. 2025ರ ಜುಲೈಯಲ್ಲಿ ಬಂದ ವಿಚಾರಣಾ ವರದಿಯ ಮೊದಲ ಸಂಪುಟ, 13 ಮಂದಿ ಇದೇ ಕಾರಣಕ್ಕೆ ಆತ್ಮಹತ್ಯೆ ಮಾಡಿಕೊಂಡಿರಬಹುದು ಎನ್ನುತ್ತದೆ. ಆ ಲೆಕ್ಕವನ್ನು ಯಾವ ಪರಿಹಾರದಿಂದಲೂ ಸರಿಪಡಿಸಲಾಗದು.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಅದು ಶುರುವಾದದ್ದು ಮಗ್ಗದಿಂದ. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು. ಒಂದು ನೂಲು ಕಡಿದರೂ ಅದು ತಾನಾಗಿ ನಿಲ್ಲುತ್ತಿತ್ತು. ಕಡಿದ ನೂಲಿನಲ್ಲೇ ನೇಯುತ್ತಾ ಹೋಗಿ ಗಜಗಟ್ಟಲೆ ಬಟ್ಟೆ ಕೆಡುವುದಕ್ಕಿಂತ ನಿಲ್ಲುವುದೇ ಲೇಸು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪೆನಿಯೇ ಆ ಮಗ್ಗದ ಹಕ್ಕು ಖರೀದಿಸಿತು. ಅದೇ ಮನೆತನ ಮುಂದೆ ಟೊಯೋಟಾ ಕಾರಿನ ಕಾರ್ಖಾನೆ ಕಟ್ಟಿತು. ಅಲ್ಲಿ ಮಗ್ಗದ ಆ ಗುಣವನ್ನು ಮನುಷ್ಯರ ಕೈಗೆ ಕೊಟ್ಟರು. ಕೆಲಸಗಾರರ ತಲೆಯ ಮೇಲೆ ಒಂದು ಹಗ್ಗ. ಏನಾದರೂ ತಪ್ಪು ಕಂಡರೆ ಅದನ್ನು ಎಳೆಯಬೇಕು. ಮೇಸ್ತ್ರಿ ಓಡಿ ಬರುತ್ತಾನೆ. ಕೂಡಲೇ ಸರಿಪಡಿಸಲಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅತಿ ಕೆಳಗಿನ ನೌಕರನಿಗೂ ಆ ಹಕ್ಕಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಒಂದು ಕಾರ್ಖಾನೆ ಇತ್ತು. ಏನಾದರೂ ಆಗಲಿ, ಸಾಲು ನಿಲ್ಲಕೂಡದು ಎಂಬುದು ಅಲ್ಲಿನ ನಿಯಮ. ಕೆಟ್ಟ ಕಾರುಗಳಿಗೂ ಗೈರುಹಾಜರಿಗೂ ಹೆಸರಾಗಿ ಅದು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ಅದೇ ಕಟ್ಟಡವನ್ನು ಮತ್ತೆ ತೆರೆದಾಗ ಕೆಲಸಕ್ಕೆ ಬಂದವರು ಬಹುತೇಕ ಹಳೆಯ ಕಾರ್ಮಿಕರೇ. ಈ ಸಲ ಕೈಗೆ ಹಗ್ಗ ಸಿಕ್ಕಿತ್ತು. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ಆ ಕಂಪೆನಿಯ ಅತ್ಯುತ್ತಮ ಕಾರುಗಳ ಸಾಲಿಗೆ ಸೇರಿದವು. ಸೋಮಾರಿಗಳು, ಕೆಲಸಗಳ್ಳರು ಎಂದು ಕರೆಸಿಕೊಂಡಿದ್ದ ಅದೇ ಜನ. ಬದಲಾದದ್ದು ಒಂದೇ, ಅವರ ಮಾತಿಗೆ ಬೆಲೆ ಬಂದಿತ್ತು.

ಈಗ ಮುಸ್ಲಿಮ್ ಓದುಗರಿಗೆ ಪರಿಚಿತವಾದ ಒಂದು ಸಂಗತಿಗೆ ಬರೋಣ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ? ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ, ಹಜ್ಜಿನ ಬಗ್ಗೆಯೂ ಅಲ್ಲ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಅವಧಿಯ ಸಾಲವನ್ನು ಬರೆದಿಡಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು ಎಂಬ ನಿರ್ದೇಶಗಳು ಅದರಲ್ಲಿವೆ. ಆದರೆ ನಮ್ಮ ಕಣ್ಣಿಗೆ ಎದ್ದು ಕಾಣುವುದು ಇನ್ನೊಂದು ನಿರ್ದೇಶ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲದ ಹೊಣೆ ಹೊತ್ತವನು. ಅವನು ದುರ್ಬಲನಾಗಿದ್ದರೆ, ಹೇಳಿ ಬರೆಸಲು ಅಶಕ್ತನಾಗಿದ್ದರೆ, ಅವನ ಪರವಾಗಿ ಅವನ ಪೋಷಕ ನ್ಯಾಯದಿಂದ ಬರೆಸಬೇಕು.

ಇದನ್ನು ನಿರ್ವಹಣಾ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ದಾಖಲೆಯಿಂದ ಯಾರಿಗೆ ಪೆಟ್ಟು ಬೀಳಬಹುದೋ ಅವನ ಬಾಯಿಂದಲೇ ದಾಖಲೆ ಹುಟ್ಟಬೇಕು. ಹೊರೈಜನ್‌ನಲ್ಲಿ ನಡೆದದ್ದು ಇದರ ತದ್ವಿರುದ್ಧ. ಹೊಣೆಯೆಲ್ಲ ಅಂಗಡಿಗಾರನದು, ಬರಹವೆಲ್ಲ ಯಂತ್ರದ್ದು. ಅವನು ಹೇಳಿ ಬರೆಸುವುದು ಹಾಗಿರಲಿ, ಬರೆದದ್ದನ್ನು ಓದುವ ಹಾದಿಯೂ ಇರಲಿಲ್ಲ. 'ಭೂಮಿ' ಕೇಂದ್ರದ ಎರಡನೆಯ ಪರದೆ ಸಣ್ಣ ಸಂಗತಿಯಲ್ಲ ಎಂದು ನಾವು ಹೇಳುವುದು ಇದಕ್ಕಾಗಿಯೇ. ನಮ್ಮ ಊರಿನ ಜಿನಸಿ ಅಂಗಡಿಗಳಲ್ಲೂ ಈ ವಿವೇಕ ಇತ್ತು. ಸಾಲದ ಲೆಕ್ಕಕ್ಕೆ ಎರಡು ಪುಸ್ತಕ. ಒಂದು ಅಂಗಡಿಯಲ್ಲಿ, ಇನ್ನೊಂದು ಗಿರಾಕಿಯ ಮನೆಯಲ್ಲಿ. ಎರಡರಲ್ಲೂ ಒಂದೇ ಹೊತ್ತಿಗೆ ಬರೆಯಬೇಕು. ಬೀಡಿ ಕಟ್ಟುವ ಮಹಿಳೆಯರ ಕೈಯಲ್ಲಿರುವ ಪುಸ್ತಕವೂ ಅಂಥದ್ದೇ. ಎಲೆ ಎಷ್ಟು, ತಂಬಾಕು ಎಷ್ಟು ಕೊಟ್ಟರು, ಬೀಡಿ ಎಷ್ಟು ಹೋಯಿತು ಎಂಬುದು ಅವಳ ಬಳಿಯೂ ಇರಬೇಕು.

ಬೀಡಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹೊರೈಜನ್ ಪಾಠ ಮುಗಿದ ಒಂದು ದಿನ ಒಬ್ಬ ವಿದ್ಯಾರ್ಥಿನಿ ನಮ್ಮ ಕೋಣೆಗೆ ಬಂದು ಹೇಳಿದಳು: "ಸರ್, ನಮ್ಮ ಅಜ್ಜಿಯದೂ ಇದೇ ಕತೆ. ಬೀಡಿ ಕಟ್ಟಿ ಕಟ್ಟಿ ಬೆರಳಿನ ಗೆರೆ ಸವೆದಿದೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುವುದಿಲ್ಲ. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರು. ಅಂಗಡಿಯವರು ಅಜ್ಜಿಯನ್ನು ಮೂವತ್ತು ವರ್ಷದಿಂದ ಬಲ್ಲರು. ಆದರೂ ಯಂತ್ರ ಹೂಂ ಅನ್ನಬೇಕಂತೆ." ಕೈಕೆಲಸದವರ, ವಯಸ್ಸಾದವರ ಬೆರಳಚ್ಚು ತಾಳೆಯಾಗದಿರುವುದು ದೇಶದ ಎಲ್ಲ ಕಡೆಯ ದೂರು. ನಕಲಿ ಕಾರ್ಡುಗಳನ್ನು ತಡೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಅಜ್ಜಿ ಪಡೆಯದೆ ಹೋದ ಅಕ್ಕಿ ಲೆಕ್ಕದಲ್ಲಿ ಏನಾಗಿ ಕಾಣುತ್ತದೆ? ಉಳಿತಾಯವಾಗಿ! ಸುಳ್ಳು ಕಾರ್ಡಿನವನು ಪಡೆಯದ ಅಕ್ಕಿಯೂ, ಹಸಿದವಳು ಪಡೆಯದ ಅಕ್ಕಿಯೂ ಪರದೆಯಲ್ಲಿ ಒಂದೇ ಅಂಕಿ. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಒಬ್ಬ ಬಾಲಕಿ ಸತ್ತಳು. ಆಧಾರ್ ಜೋಡಣೆಯಾಗದ ಕಾರಣ ರೇಷನ್ ಕಾರ್ಡು ರದ್ದಾಗಿ ಹಸಿವಿನಿಂದ ಸತ್ತಳೆಂದು ಮನೆಯವರು ಹೇಳಿದರು; ಮಲೇರಿಯಾ ಎಂದು ಆಡಳಿತ ಹೇಳಿತು. ಅವಳ ಮನೆಗೆ ಅಕ್ಕಿ ಬರುತ್ತಿರಲಿಲ್ಲ ಎಂಬುದನ್ನು ತಿಳಿಯಲು ಸಾವು ಬೇಕಾಯಿತೇ ಎಂಬುದು ನಮ್ಮ ಪ್ರಶ್ನೆ.

ಆಶಾದಾಯಕವಾದದ್ದೂ ಇಲ್ಲದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮ, ಹಿಂದಿನ ಕಾಯ್ದೆಯಂತೆಯೇ, ಕಂಪ್ಯೂಟರ್ ದಾಖಲೆಯ ಜೊತೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಮೊಬೈಲ್ ಆ್ಯಪ್‌ಗಳ ಮೂಲಕ ಊಟ, ಸಾಮಾನು ತಲುಪಿಸುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾನೂನು ತಂದಿತು. ಯಂತ್ರ ಅವರ ಕೆಲಸದ ಬಗ್ಗೆ ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ತಿಳಿಯುವ ಹಕ್ಕನ್ನೂ, ದೂರು ಹೇಳಿಕೊಳ್ಳುವ ವ್ಯವಸ್ಥೆಯನ್ನೂ ಅದು ಹೇಳುತ್ತದೆ. ಕಾಗದದ ಮೇಲಿನ ಹಗ್ಗ ಕೈಗೆ ಎಟಕುವಂತೆ ಆಗಬೇಕಾದದ್ದು ಇನ್ನು ಮುಂದಿನ ಕೆಲಸ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಪರದೆಯ ಮೇಲೆ ಕಂಡದ್ದಕ್ಕೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಬೆಂಗಳೂರಿನ, ದುಬೈಯ, ರಿಯಾದಿನ ಕಚೇರಿಗಳಲ್ಲಿ ಇಂಥ ವ್ಯವಸ್ಥೆಗಳನ್ನು ಕಟ್ಟುವವರು, ನಡೆಸುವವರು. ಅವರಿಗೆ ನಾವು ಮೂರು ಪ್ರಶ್ನೆ ಬರೆಸುತ್ತೇವೆ. ಈ ದಾಖಲೆಯಿಂದ ನಷ್ಟಕ್ಕೆ ಒಳಗಾಗುವವನಿಗೆ ಅದು ಕಾಣುತ್ತದೆಯೇ? ತಪ್ಪಿದೆ ಎಂದು ಅವನು ಹೇಳಿದರೆ ಕೇಳುವ ಒಬ್ಬ ಮನುಷ್ಯ ಇದ್ದಾನೆಯೇ? ಹಾಗೆ ಹೇಳಿದವರು ಎಷ್ಟು ಮಂದಿ ಎಂದು ಯಾರಾದರೂ ಎಣಿಸುತ್ತಿದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಸಿಗುವವರೆಗೆ ಆ ವ್ಯವಸ್ಥೆ ಎಷ್ಟೇ ವೇಗವಾಗಿರಲಿ, ಅದರ ಕೆಲಸ ಮುಗಿದಿಲ್ಲ. ಬರೆಯುವವನು ನ್ಯಾಯದಿಂದ ಬರೆಯಬೇಕೆಂಬ ಆದೇಶ ಲೇಖನಿ ಹಿಡಿದವನಿಗೆ ಎಷ್ಟು ಅನ್ವಯಿಸುತ್ತದೋ, ಕೀಲಿಮಣೆಯ ಮುಂದೆ ಕುಳಿತವನಿಗೂ ಅಷ್ಟೇ ಅನ್ವಯಿಸುತ್ತದೆ.